ಹಿಂದೆ ನಿಂತ ಅಡಿವೆಪ್ಪ ಮತ್ತು ಮೂರು ಆಟದ ಪೆಟ್ಟಿಗೆಗಳು

ಬಹಳ ಬಹಳ ಹಿಂದೆ, ಜನ ದೇವರ ಮೇಲೆ ಆಣೆ ಇಡುವ ಬದಲು ಕವಡೆಯ ಮೇಲೆ ಆಣೆ ಇಡುತ್ತಿದ್ದ ಕಾಲದಲ್ಲಿ, ಕವಡೆಪುರ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಮನೆಗಳಿಗಿಂತ ಜಗಲಿಗಳೇ ದೊಡ್ಡವು. ಬೆಳಿಗ್ಗೆ ರೊಟ್ಟಿ ತಿಂದು ಕೈ ತೊಳೆದರೆ ಸಾಕು, ಒಂದು ಜಗಲಿಯ ಮೇಲೆ ಚೌಕಾಬಾರ, ಇನ್ನೊಂದರ ಮೇಲೆ ಹುಲಿಕಟ್ಟು, ಮತ್ತೊಂದರ ಮೇಲೆ ಅಳಗುಳಿಮಣೆ. ರಾಜನ ಹೆಸರು ತೊಂಡರಾಯ. ಅವನು ಯಾರ ಮೇಲೂ ಯುದ್ಧಕ್ಕೆ ಹೋದವನಲ್ಲ. ಪಕ್ಕದ ರಾಜರನ್ನು ಚೌಕಾಬಾರಕ್ಕೆ ಕರೆಯುತ್ತಿದ್ದ, ಸೋತರೆ ಎರಡು ದಿನ ಊಟ ಬಿಡುತ್ತಿದ್ದ. ಇಂಥ ರಾಜ ಸಿಗುವುದು ಪುಣ್ಯ, ನಾನಂತೂ ಹಾಗೆಂದೇ ತಿಳಿದಿದ್ದೇನೆ.

ಆ ಊರಿನಲ್ಲಿ ಅಡಿವೆಪ್ಪ ಎಂಬ ಹಗ್ಗ ಹೊಸೆಯುವವನಿದ್ದ. ಹೆಗಲ ಮೇಲೆ ಪುಂಡಿ ನಾರಿನ ಕಂತೆ, ಎರಡು ಅಂಗೈಗಳ ನಡುವೆ ಹೊಸೆಯುತ್ತಿರುವ ಹುರಿ. ಕೈಗಳಿಗೆ ಕೆಲಸವಿತ್ತು, ಕಣ್ಣುಗಳಿಗೆ ಇರಲಿಲ್ಲ. ಅದಕ್ಕೇ ಅವನು ಜಗಲಿಯಿಂದ ಜಗಲಿಗೆ ಹೋಗಿ ಆಡುವವರ ಹಿಂದೆ ನಿಲ್ಲುತ್ತಿದ್ದ. ನಲವತ್ತು ವರ್ಷದಿಂದ ನಿಂತಿದ್ದ. ತಾನು ಒಂದು ಸಲವೂ ಕವಡೆ ಮುಟ್ಟಿದವನಲ್ಲ. ಆದರೆ ಬಾಯಿ ಸುಮ್ಮನಿರಬೇಕಲ್ಲ!

"ಆ ಕಾಯಿ ಬ್ಯಾಡ, ಈ ಕಾಯಿ ನಡಸ್ರಿ. ಅಯ್ಯ, ಹಂಗಲ್ಲ! ಹೋತು, ಹೋತು, ಎಲ್ಲಾ ಹೋತು!"

ಒಂದು ದಿನ ಹೀಗೆ ರಾಜನ ಹಿಂದೆಯೇ ನಿಂತು ಹೇಳಿದ. ರಾಜ ಅವನ ಮಾತು ಕೇಳಿ ಸೋತ. ಮರುದಿನ ಅವನ ಮಾತು ಕೇಳದೆ ಸೋತ. ಮೂರನೆಯ ದಿನ ಡಂಗುರ ಹೊಡೆಸಿದ: "ಇವತ್ತಿನಿಂದ ಕವಡೆಪುರದಾಗ ಆಟದ ಹಿಂದ ನಿಂತು ನೋಡೋರು ಬಾಯಾಗ ಒಂದು ಇಡೀ ಅಡಿಕೆ ಇಟ್ಕೊಂಡ ನಿಲ್ಲಬೇಕು. ಅದನ್ನ ಕಡೀಬಾರದು, ನುಂಗಬಾರದು, ಉಗುಳಬಾರದು!" ಊರಿಗೆಲ್ಲ ಅನ್ವಯಿಸುವ ಕಾನೂನು ಅಂತ ಹೇಳಿದರೂ, ಅದು ಯಾರಿಗಾಗಿ ಎಂದು ಎಲ್ಲರಿಗೂ ಗೊತ್ತಿತ್ತು. ಅಂದಿನಿಂದ ಅಡಿವೆಪ್ಪನ ಬಲಗೆನ್ನೆ ಹಗಲೆಲ್ಲ ಉಬ್ಬಿಕೊಂಡೇ ಇರುತ್ತಿತ್ತು.

ಅವನ ಹೆಂಡತಿ ದ್ರಾಕ್ಷಾಯಣವ್ವ. ಚೌಕಾಬಾರದಲ್ಲಿ ಅವಳ ಸಮ ಯಾರೂ ಇರಲಿಲ್ಲ. ಅವಳಂತೂ ಇನ್ನೊಂದು ಹೆಜ್ಜೆ ಮುಂದೆ ಹೋಗಿ, "ಅಡಿಕಿ ಇದ್ರೂ ಅಷ್ಟ, ಇಲ್ದಿದ್ರೂ ಅಷ್ಟ, ನೀವು ನನ್ನ ಹಿಂದ ನಿಂತ್ರ ನನಗ ಕೈ ಓಡೂದಿಲ್ಲ. ಬ್ಯಾರೆ ಜಗಲಿ ನೋಡ್ಕೋರಿ" ಎಂದುಬಿಟ್ಟಿದ್ದಳು. ಊರೆಲ್ಲ ಬೈದರೆ ನಕ್ಕುಬಿಡುತ್ತಿದ್ದ ಅಡಿವೆಪ್ಪನಿಗೆ ಇದೊಂದು ಮಾತು ಮಾತ್ರ ನೋವಾಗಿತ್ತು.

ಹೀಗಿರುವಾಗ ಒಂದು ದಿನ ಊರಿನ ಚೌಕಕ್ಕೆ ಒಂದು ಗಾಡಿ ಬಂತು. ಗಾಡಿಯ ಮೇಲೆ ಮೂರು ಎತ್ತರದ ಪೆಟ್ಟಿಗೆಗಳು, ಪಕ್ಕದಲ್ಲಿ ಝಗಮಗನಾಥ ಎಂಬ ಮಾಂತ್ರಿಕ. ಅವನ ಗಡ್ಡ ಹಸಿರು, ಪೇಟ ಕೆಂಪು, ಮಾತು ಪುಸ್ತಕದ್ದು.

"ಮಹಾಜನಗಳೇ, ಇದು ಓಣಿಯಾಟ, ಇದು ದಂಡಿನಾಟ, ಇದು ಏಣಿಯಾಟ. ಆಡಲು ಏನನ್ನೂ ಕೊಡಬೇಕಾಗಿಲ್ಲ. ಪ್ರತಿಯೊಬ್ಬರಿಗೂ ಒಂದೊಂದು ಆಟಕ್ಕೆ ಮೂರು ಮೂರು ಜೀವ. ಎಲ್ಲರಿಗಿಂತ ಹೆಚ್ಚು ಗೆದ್ದವರ ಹೆಸರು ಪೆಟ್ಟಿಗೆಯ ಹಣೆಯ ಮೇಲೆ ಬೆಳಗುವುದು!"

ಪ್ರತಿ ಪೆಟ್ಟಿಗೆಯ ಮುಂದೆ ಒಂದು ಗಾಜು, ಗಾಜಿನೊಳಗೆ ಬಣ್ಣದ ಬೆಳಕು, ಕೆಳಗೆ ಒಂದು ಹಿಡಿಕೆ. ಹಿಡಿಕೆಯನ್ನು ಎಡಕ್ಕೆ ಎಳೆದರೆ ಗಾಜಿನೊಳಗಿನ ಗೊಂಬೆ ಎಡಕ್ಕೆ, ಬಲಕ್ಕೆ ಎಳೆದರೆ ಬಲಕ್ಕೆ. ಕುಯ್ ಕುಯ್, ಟುಣ್ ಟುಣ್ ಎಂದು ಸದ್ದು. ಕವಡೆಪುರದವರು ಒಂದು ಸಲ ಆಡಿದರು, ಸೋತರು, "ಇನ್ನೊಂದ ಸಲ" ಎಂದರು. ಮತ್ತೆ ಸೋತರು, ಮತ್ತೆ "ಇನ್ನೊಂದ ಸಲ" ಎಂದರು. ಊರಿನಲ್ಲಿ ರೊಟ್ಟಿ ಸೀದವು, ಎಮ್ಮೆಗಳು ಹಾಲು ಕರೆಯುವವರಿಲ್ಲದೆ ತಾವೇ ಚೌಕಕ್ಕೆ ಬಂದು ಕೂಗಿದವು.

ಆದರೆ ಆ ಪೆಟ್ಟಿಗೆಗಳಲ್ಲಿ ಒಂದು ಮೋಸವಿತ್ತು. ಆಟ ಮುಗಿದು ಯಾರ ಹೆಸರು ಹಣೆಯ ಮೇಲೆ ಎಲ್ಲರಿಗಿಂತ ಮೇಲೆ ಬರುತ್ತದೋ, ಅವರನ್ನು ಪೆಟ್ಟಿಗೆ ಸುರ್ರೆಂದು ಒಳಗೆ ಎಳೆದುಕೊಳ್ಳುತ್ತಿತ್ತು! ಆಮೇಲೆ ಅವರು ಗಾಜಿನೊಳಗೆ ಬಣ್ಣದ ಗೊಂಬೆಯಾಗಿ, ಮುಂದೆ ಆಡುವವರ ಶತ್ರುವಾಗಿ ಓಡಾಡಬೇಕು. ಮೊದಲು ಹೋದವನು ಕೊತ್ವಾಲ ಹನುಮಗೌಡ. ಜನ ಕಂಡರು, ಕಿರುಚಿದರು, ಓಡಿದರು. ಅರ್ಧ ದಾರಿಯಲ್ಲಿ ನಿಂತರು. "ಹೌದು, ಆದ್ರ ಹೆಸರು ಮ್ಯಾಲ ಬಂತಲ್ಲ" ಎಂದರು. ತಿರುಗಿ ಬಂದು ಸಾಲಿನಲ್ಲಿ ನಿಂತರು. ಕೊತ್ವಾಲನನ್ನು ಮೀರಿಸಿ ಮದುವೆ ಕುದುರಿಸುವ ಕಾಶವ್ವ ಒಳಗೆ ಹೋದಳು, ಅವಳನ್ನು ಮೀರಿಸಿ ಆಸ್ಥಾನದ ಜೋಯಿಸ, ಅವನನ್ನು ಮೀರಿಸಿ ಸಾಕ್ಷಾತ್ ತೊಂಡರಾಯ. ಹೀಗೆ ಮೂರು ದಿನಗಳಲ್ಲಿ ಐವತ್ತಕ್ಕೂ ಹೆಚ್ಚು ಮಂದಿ ಮೂರು ಪೆಟ್ಟಿಗೆಗಳ ಪಾಲಾದರು. ನೀವು ನಗಬೇಡಿ. ಹೆಸರು ಮೇಲೆ ಬರುತ್ತದೆ ಎಂದರೆ ನೀವೂ ನಿಲ್ಲುತ್ತಿದ್ದಿರಿ, ನಾನೂ ನಿಲ್ಲುತ್ತಿದ್ದೆ.

ಮೂರನೆಯ ದಿನ ಸಂಜೆ ಏಣಿಯಾಟದಲ್ಲಿ ದ್ರಾಕ್ಷಾಯಣವ್ವ ಎಲ್ಲರ ಹೆಸರನ್ನೂ ಕೆಳಗೆ ತಳ್ಳಿದಳು. ಗುಂಪಿನ ಕೊನೆಯಲ್ಲಿ ಅಡಿವೆಪ್ಪ ಅಡಿಕೆ ಕಚ್ಚಿಕೊಂಡು ನಿಂತಿದ್ದ. ಅವಳು ಗೆದ್ದ ಹಿಗ್ಗಿನಲ್ಲಿ ಹಿಂದೆ ತಿರುಗಿ, ಗುಂಪಿನಲ್ಲಿ ಯಾರನ್ನೋ ಹುಡುಕಿದಳು. ಅಷ್ಟರಲ್ಲಿ ಸುರ್ರ್! ಹಿಡಿಕೆಯ ಮುಂದೆ ಅವಳ ಚಪ್ಪಲಿ ಮಾತ್ರ ಉಳಿದವು.

ಅಡಿವೆಪ್ಪ ಚಪ್ಪಲಿಗಳನ್ನು ಎತ್ತಿಕೊಂಡು ಮನೆಗೆ ಹೋದ. ಮನೆಯಲ್ಲಿ ಯಾರೂ ಬೈಯುವವರಿರಲಿಲ್ಲ. ಅವಳ ಚೌಕಾಬಾರದ ಬಟ್ಟೆ ಹಾಸಿದಂತೆಯೇ ಇತ್ತು, ಅದರ ಹಿಂದೆ ನಿಲ್ಲಬೇಡ ಎನ್ನುವವರೂ ಇರಲಿಲ್ಲ. ಅವನು ಗೋಡೆಗೆ ಒರಗಿ ಅತ್ತ. ಬಹಳ ಹೊತ್ತು ಅತ್ತ, ಬಾಯಲ್ಲಿ ಅಡಿಕೆ ಇದ್ದುದರಿಂದ ಸದ್ದು ಮಾತ್ರ ಸರಿಯಾಗಿ ಬರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಝಗಮಗನಾಥ ಸಾರಿದ: "ನಾಳೆ ಸೂರ್ಯ ಮುಳುಗುವಾಗ ನನ್ನ ಗಾಡಿ ಹೊರಡುವುದು. ಪೆಟ್ಟಿಗೆಗಳೂ ಹೊರಡುವುವು. ಒಳಗಿರುವವರು ಇನ್ನೆಂದಿಗೂ ಒಳಗೇ!" ಜನ ಇದನ್ನು ಕೇಳಿ ಹೆದರಲಿಲ್ಲ, ಅವಕಾಶ ತಪ್ಪುತ್ತದೆ ಎಂದು ಇನ್ನೂ ಜೋರಾಗಿ ನುಗ್ಗಿದರು. ಅಡಿವೆಪ್ಪನಿಗೆ ಆಡುವವರ ಹಿಂದೆ ನಿಲ್ಲಲು ಒಂದು ಗೇಣು ಜಾಗ ಸಿಗಲಿಲ್ಲ. ಹಿಂದೆ ನಿಲ್ಲದಿದ್ದರೆ ಅವನಿಗೆ ಕಾಲು ನಿಲ್ಲುವುದಿಲ್ಲ. ಅದಕ್ಕೇ ಅವನು ಸುತ್ತು ಹಾಕಿ ಹೋಗಿ ಪೆಟ್ಟಿಗೆಗಳ ಹಿಂದೆಯೇ ನಿಂತ.

ಎಲ್ಲರೂ ಮುಂದಿನಿಂದ ನೋಡಿದ್ದರು. ಹಿಂದಿನಿಂದ ನೋಡಿದವರು ಯಾರೂ ಇರಲಿಲ್ಲ. ಅಲ್ಲಿ ಹಲಗೆಯಲ್ಲಿ ಒಂದು ತೂತಿತ್ತು. ಅಡಿವೆಪ್ಪ ಅದಕ್ಕೆ ಕಣ್ಣಿಟ್ಟ. ಒಳಗೆ ಮೂರು ಪೆಟ್ಟಿಗೆಗಳಿಗೂ ಸೇರಿ ಒಂದೇ ಒಂದು ಪುಟ್ಟ ಭೂತ! ಬೆಕ್ಕಿನಷ್ಟು ಗಾತ್ರ, ಒಂದೊಂದು ಕೈಗೆ ನಾಲ್ಕೇ ಬೆರಳು, ಮೈಯೆಲ್ಲ ಬೆವರು. ಅದು ಗೊಂಬೆಗಳನ್ನು ಒಂದೊಂದಾಗಿ ಎತ್ತಿ ಎತ್ತಿ ಮುಂದಿಡುತ್ತಿತ್ತು, ನಡುನಡುವೆ ಬಾಯಿಂದಲೇ ಕುಯ್ ಕುಯ್, ಟುಣ್ ಟುಣ್ ಎನ್ನುತ್ತಿತ್ತು.

ಅಡಿವೆಪ್ಪ ಅಡಿಕೆಯನ್ನು ಅಂಗೈಗೆ ತೆಗೆದುಕೊಂಡ. "ಯಾಕ ತಮ್ಮಾ, ಊಟ ಆತೇನು?" ಎಂದ. ನಮ್ಮ ಕಡೆಯವರು ಭೂತ ಸಿಕ್ಕರೂ ಮೊದಲು ಕೇಳುವುದು ಇದನ್ನೇ.

ಭೂತ ಬೆಚ್ಚಿಬಿದ್ದು, "ಯಣ್ಣಾ, ನಾಕನೂರ ವರ್ಷ ಆತು, ಈ ಮಾತು ಯಾರೂ ಕೇಳಿಲ್ಲ" ಎಂದು ಗಳಗಳನೆ ಅತ್ತಿತು. ಅಡಿವೆಪ್ಪ ತೂತಿನಿಂದ ಒಂದೊಂದೇ ಸೇಂಗಾಬೀಜ ಒಳಗೆ ಹಾಕಿದ. ಬೀಜಕ್ಕೊಂದು ಗುಟ್ಟು ಹೊರಗೆ ಬಂತು.

"ಓಣಿಯಾಟದಾಗ ನಾಕು ಮಂದಿ ಅಟ್ಟಿಸ್ಕೊಂಡ ಬರ್ತಾರಲ್ಲ, ಅವ್ರಿಗೆ ನಾ ದಾರಿ ಹೇಳೂದಿಲ್ಲ, ಯಣ್ಣಾ. ನನಗೆಲ್ಲಿ ಪುರಸೊತ್ತು? ಹೊರಗ ಅವ್ರು ಹೆಂಗ ನಡೀತಿದ್ರೋ ಒಳಗೂ ಹಂಗ ನಡೀತಾರ. ದಂಡಿನಾಟದಾಗ ಅಷ್ಟೂ ಮಂದೀನ ನಾ ಒಬ್ಬನ ಎತ್ತಿ ಇಡಬೇಕು. ಮಂದಿ ಕಡಿಮಿ ಆದಂಗ ನನ್ನ ಕೆಲಸ ಕಡಿಮಿ, ಅದಕ್ಕ ಉಳಿದೋರು ಜೋರ್ ಓಡ್ತಾರ. ತೀರಾ ಕೆಳಗಿನ ಮೆಟ್ಟಿಲಿಗೆ ನನ್ನ ಕೈ ಸರಿಯಾಗಿ ಬಗ್ಗೂದಿಲ್ಲ. ಅಲ್ಲಿಂದ ಅವ್ರು ಒಗದ ಕಲ್ಲು ಆಡೋನ ಹಿಂದ ಬೀಳ್ತಾವ."

"ಮತ್ತ ಏಣಿಯಾಟ?" ಅಡಿವೆಪ್ಪ ಇನ್ನೊಂದು ಬೀಜ ಹಾಕಿದ.

"ಅಲ್ಲಿ ಮ್ಯಾಲಿಂದ ಕುಂಬಳಕಾಯಿ ಉರುಳ್ತಾವ. ದಿನಾ ಹೊಸಾದು ಯೋಚಿಸಾಕ ನನ್ನಿಂದ ಆಗೂದಿಲ್ಲ, ಅದಕ್ಕ ಪ್ರತಿ ಸುತ್ತಿನ್ಯಾಗೂ ಅದ ಸಾಲಿನ್ಯಾಗ ಅವನ್ನ ತುದಿಗೆ ನಿಂತಾಕಿ ಕೈಗೆ ಕೊಡ್ತೀನಿ. ಸುತ್ತು ಎಣಿಸೂದು ಈ ಬೆರಳಿನ ಮ್ಯಾಲ. ಕಿರುಬೆರಳು ಎತ್ತಿದ್ರ ಒಂದು, ಅದರ ಪಕ್ಕದ್ದು ಎರಡು, ಅದರ ಪಕ್ಕದ್ದು ನಾಕು, ಹಿಂಗ ಒಂದಕ್ಕೊಂದು ದುಪ್ಪಟ್ಟು. ಎಂಟೂ ಎತ್ತಿದ್ರ ಇನ್ನೂರಾ ಐವತ್ತೈದು."

"ಅದರ ಮುಂದಿನ ಸುತ್ತಿಗೆ?"

ಭೂತ ತನ್ನ ಎಂಟು ಬೆರಳುಗಳನ್ನು ನೋಡಿಕೊಂಡಿತು. "ಅಲ್ಲಿತನಕ ಯಾರೂ ಬಂದಿಲ್ಲ, ಯಣ್ಣಾ. ನಲವತ್ತಕ್ಕ ಎಲ್ಲಾರಿಗೂ ಬ್ಯಾಸರಾಗಿ ಕೈ ತಪ್ತೈತಿ. ನನ್ನ ಒಡೆಯನೂ ಬಂದಿಲ್ಲ. ಮುಂದ ಏನಾಗ್ತೈತಿ ಅಂತ ನೆನಸಿದ್ರ ನನಗ ಹೆದರಿಕಿ ಬರ್ತೈತಿ."

ಅಡಿವೆಪ್ಪ ಅಲ್ಲಿಯೇ ಕುಳಿತು ಯೋಚಿಸಿದ. ಸೋತರೆ ಹೆಂಡತಿ ಗಾಡಿಯಲ್ಲಿ ಹೋಗುತ್ತಾಳೆ. ಎಲ್ಲರಿಗಿಂತ ಹೆಚ್ಚು ಗೆದ್ದು ಆಟ ಮುಗಿಸಿದರೆ ತಾನೂ ಒಳಗೆ ಹೋಗುತ್ತೇನೆ. ಹಾಗಾದರೆ ಸೋಲಲೂ ಬಾರದು, ಗೆಲ್ಲಲೂ ಬಾರದು. ಆಟ ಮುಗಿಯುವ ಮೊದಲು ಪೆಟ್ಟಿಗೆಯೇ ಮುಗಿಯಬೇಕು. ಇನ್ನೂರ ಐವತ್ತೈದು ಸುತ್ತು ದಾಟಬೇಕು. ಒಂದು ಬಾವಿಯ ಹಗ್ಗಕ್ಕೆ ಹತ್ತು ಸಾವಿರ ಹೊಸೆತ ಬೇಕು. ಒಂದರಂತೆ ಒಂದು, ಒಂದರಂತೆ ಒಂದು. ಅಷ್ಟು ವರ್ಷ ಹೊಸೆದರೂ ಅವನಿಗೆ ಒಂದು ದಿನವೂ ಬೇಸರ ಬಂದಿರಲಿಲ್ಲ.

ಐದನೆಯ ದಿನ ಸೂರ್ಯ ಹುಟ್ಟುವಾಗಲೇ ಅಡಿವೆಪ್ಪ ಪೆಟ್ಟಿಗೆಗಳ ಮುಂದೆ ಬಂದು ನಿಂತ. ಊರಿಗೆ ಊರೇ ನಕ್ಕಿತು. "ಹಿಂದ ನಿಂತಾಂವ ಮುಂದ ಬಂದಾನ, ನೋಡಬರ್ರಿ!"

ಝಗಮಗನಾಥನೂ ನಕ್ಕ. "ಬಾರಯ್ಯ. ಆದರೆ ನಿಯಮ ಕೇಳು. ಏಣಿಯಾಟ ಬೇಕಾದರೆ ಮೊದಲು ಓಣಿಯಾಟದಲ್ಲಿ ಒಂದು ಸುತ್ತು, ದಂಡಿನಾಟದಲ್ಲಿ ಒಂದು ಸುತ್ತು ದಾಟಬೇಕು. ಹಿಡಿಕೆ ಹಿಡಿದವನನ್ನು ಯಾರೂ ಮುಟ್ಟುವಂತಿಲ್ಲ, ನಾನು ಕೂಡ. ಇದು ನನ್ನದೇ ಮಂತ್ರದ ಕಟ್ಟು."

ಮೊದಲನೆಯದು ಓಣಿಯಾಟ. ಗಾಜಿನೊಳಗೆ ಸಂದುಗೊಂದಿಗಳ ಊರು, ಓಣಿಯ ತುಂಬ ಚೆಲ್ಲಿದ ಕವಡೆಗಳು. ಅಷ್ಟನ್ನೂ ಆಯಬೇಕು, ಅಟ್ಟಿಸಿಕೊಂಡು ಬರುವ ನಾಲ್ವರ ಕೈಗೆ ಸಿಗಬಾರದು. ಅಡಿವೆಪ್ಪ ಎಂದೂ ಹಿಡಿಕೆ ಹಿಡಿದವನಲ್ಲ. ಎಡಕ್ಕೆಂದು ಬಲಕ್ಕೆ ಎಳೆದ, ನೇರವಾಗಿ ಕಾಶವ್ವನ ಮಡಿಲಿಗೆ ಹೋಗಿ ಬಿದ್ದ. ಒಂದು ಜೀವ ಹೋಯಿತು. ಊರು ಚಪ್ಪಾಳೆ ತಟ್ಟಿತು.

ಆಗ ಅವನು ಹಿಡಿಕೆ ಬಿಟ್ಟು ಸುಮ್ಮನೆ ನೋಡಿದ. ನೋಡುವುದು ಅವನಿಗೆ ಗೊತ್ತಿತ್ತು. ಕೆಂಪು ಗೊಂಬೆ ಕೊತ್ವಾಲ. ಅವನು ನೆಟ್ಟಗೆ ಬೆನ್ನು ಹತ್ತುತ್ತಾನೆ, ಆದರೆ ಜೀವಮಾನದಲ್ಲಿ ಹಿಂದೆ ತಿರುಗಿ ನೋಡಿದವನಲ್ಲ. ಗುಲಾಬಿ ಗೊಂಬೆ ಕಾಶವ್ವ. ಅವಳು ಬೆನ್ನು ಹತ್ತುವುದಿಲ್ಲ, ಮದುವೆಯಾಗದ ಹುಡುಗರನ್ನು ಕಾಯುವಂತೆ ಮುಂದಿನ ತಿರುವಿನಲ್ಲಿ ಹೋಗಿ ನಿಲ್ಲುತ್ತಾಳೆ. ನೀಲಿ ಗೊಂಬೆ ಜೋಯಿಸ. ಅವನು ಯಾರು ಎಲ್ಲಿ ಹೋದರೂ ತೆಂಕಣ ದಿಕ್ಕಿಗೆ ಕಾಲಿಡುವುದಿಲ್ಲ. ಚಿನ್ನದ ಬಣ್ಣದವನು ತೊಂಡರಾಯ. ದೂರದಿಂದ ಹೋ ಎಂದು ನುಗ್ಗಿ ಬರುತ್ತಾನೆ, ನಾಲ್ಕು ಮಾರು ಹತ್ತಿರ ಬಂದೊಡನೆ ಹೆದರಿ ಓಡಿಹೋಗುತ್ತಾನೆ. ರಾಜನ ಈ ಸ್ವಭಾವ ಊರಿಗೇ ಗೊತ್ತಿತ್ತು, ಬಾಯಿಬಿಟ್ಟು ಹೇಳುತ್ತಿರಲಿಲ್ಲ ಅಷ್ಟೆ.

ಅಡಿವೆಪ್ಪ ಒಂದು ಸುತ್ತು ಹಾಕಿ ಕೊತ್ವಾಲನ ಬೆನ್ನ ಹಿಂದೆಯೇ ಸೇರಿಕೊಂಡ. ಕೊತ್ವಾಲ ಅವನನ್ನು ಹುಡುಕುತ್ತ ಓಣಿ ಓಣಿ ತಿರುಗಿದ, ಅಡಿವೆಪ್ಪ ಅವನ ಹಿಂದೆ ಹಿಂದೆ ಕವಡೆ ಆಯುತ್ತ ಹೋದ. ಎದುರಿಗೆ ತೊಂಡರಾಯ ನುಗ್ಗಿ ಬಂದಾಗ ಅಡಿವೆಪ್ಪ ನಿಂತಲ್ಲೇ ನಿಂತ. ರಾಜ ಬಂದಷ್ಟೇ ವೇಗವಾಗಿ ಹಿಂದಕ್ಕೆ ಓಡಿದ. ಉಳಿದ ಕವಡೆಗಳು ತೆಂಕಣ ಓಣಿಯಲ್ಲಿದ್ದವು, ಅಲ್ಲಿಗೆ ಜೋಯಿಸ ಬರುವ ಹಾಗಿರಲಿಲ್ಲ. ಕಾಶವ್ವ ಮಾತ್ರ ಮುಂದಿನ ತಿರುವಿನಲ್ಲಿ ಕಾದಳು, ಕಾದಳು, ಇನ್ನೂ ಕಾಯುತ್ತಿದ್ದಳು. ಸುತ್ತು ಮುಗಿಯಿತು.

ಎರಡನೆಯದು ದಂಡಿನಾಟ. ಮೇಲೆ ಐದು ಸಾಲಿನಲ್ಲಿ ಊರಿನ ನಲವತ್ತು ಮಂದಿ ಧಡ್ ಧಡ್ ಎಂದು ಹೆಜ್ಜೆ ಹಾಕುತ್ತ, ಕಲ್ಲು ಒಗೆಯುತ್ತ, ಒಂದೊಂದೇ ಮೆಟ್ಟಿಲು ಕೆಳಗೆ ಇಳಿದು ಬರುತ್ತಾರೆ. ಕೆಳಗೆ ಆಡುವವನ ಕೈಯಲ್ಲಿ ಚೆಂಡುಹೂವು ಹೊಡೆಯುವ ಒಂದು ಕವಣೆ. ಹೂವು ತಗಲಿದವರು ಪೆಟ್ಟಿಗೆಯ ಮೂಲೆಗೆ ಹೋಗಿ ಕಾಲು ಚಾಚಿ ಕೂರುತ್ತಾರೆ. ಇಳಿದು ಬರುವವರ ಕಾಲು ನೆಲ ಮುಟ್ಟಿದರೆ ಆಟ ಮುಗಿಯಿತು. ಎಲ್ಲರೂ ಹೆದರಿ ದೂರದಿಂದಲೇ ಹೊಡೆಯುತ್ತಿದ್ದರು, ಅವರ ಕಲ್ಲು ತಿಂದು ಸಾಯುತ್ತಿದ್ದರು.

ಅಡಿವೆಪ್ಪ ಮೊದಲು ಹೊಡೆಯಲೇ ಇಲ್ಲ. ದಂಡು ಕಲ್ಲು ಒಗೆಯುತ್ತ ಇಳಿಯಿತು. ಅವನಿಗೆ ಎರಡು ಕಲ್ಲು ಬಿದ್ದವು, ಎರಡು ಜೀವ ಹೋದವು. ಇನ್ನೊಂದು ಕಲ್ಲು ಬಿದ್ದರೆ ಏಣಿಯಾಟವೂ ಇಲ್ಲ, ದ್ರಾಕ್ಷಾಯಣವ್ವನೂ ಇಲ್ಲ. ಆದರೂ ಅವನು ಕಾದ. ದಂಡು ಕಟ್ಟಕಡೆಯ ಮೆಟ್ಟಿಲಿಗೆ, ಮೂಗಿಗೆ ಮೂಗು ತಾಗುವಷ್ಟು ಹತ್ತಿರಕ್ಕೆ ಬಂತು. ಭೂತದ ಕೈ ಬಗ್ಗದೆ ಅವರ ಕಲ್ಲುಗಳೆಲ್ಲ ಅಡಿವೆಪ್ಪನ ಬೆನ್ನ ಹಿಂದೆ ಟಪಟಪನೆ ಬಿದ್ದವು. ಆಗ ಅವನು ಎಡದಿಂದ ಬಲಕ್ಕೆ ಒಬ್ಬೊಬ್ಬರಿಗೇ ಹೂವು ಹೊಡೆಯುತ್ತ ಹೋದ.

ಕೊನೆಗೆ ಉಳಿದವನು ಅರಮನೆಯ ಅಡುಗೆಯ ಮುದಿಮಲ್ಲಯ್ಯ. ಗಡಿಗೆ ಹೊಟ್ಟೆಯ ಮನುಷ್ಯ, ಅಡುಗೆಮನೆಗೆ ಬೆಂಕಿ ಬಿದ್ದಾಗಲೂ ನಡೆದುಕೊಂಡೇ ಹೊರಗೆ ಬಂದವನು. ಈಗ ಭೂತಕ್ಕೆ ಎತ್ತಲು ಅವನೊಬ್ಬನೇ ಉಳಿದದ್ದರಿಂದ ಅವನು ಮಿಂಚಿನಂತೆ ಈ ಗೋಡೆಯಿಂದ ಆ ಗೋಡೆಗೆ ಓಡತೊಡಗಿದ. "ಯಪ್ಪಾ, ನಿಲ್ಲಸ್ರೋ ನನ್ನ!" ಎಂದು ಒದರುತ್ತಿದ್ದ. ಅಡಿವೆಪ್ಪ ಅವನ ಹಿಂದೆ ಓಡಲಿಲ್ಲ. ಗೋಡೆಯ ಹತ್ತಿರ ನಿಂತು ಕಾದ, ಅವನು ಬಂದು ತಿರುಗುವಾಗ ಹೊಟ್ಟೆಗೆ ಒಂದು ಚೆಂಡುಹೂವು ಕೊಟ್ಟ. ಮುದಿಮಲ್ಲಯ್ಯ ಕೈಮುಗಿದು ಕುಳಿತ.

ಝಗಮಗನಾಥ ಗಡ್ಡ ನೀವಿಕೊಂಡ. ಇವನೂ ಒಳ್ಳೆಯ ಗೊಂಬೆಯಾಗುತ್ತಾನೆ ಎಂದುಕೊಂಡ.

ಮೂರನೆಯದು ಏಣಿಯಾಟ. ಎತ್ತರದ ಗೋಪುರ, ಅಂತಸ್ತಿನಿಂದ ಅಂತಸ್ತಿಗೆ ಏಣಿ, ತುದಿಯಲ್ಲಿ ಸೆರಗು ಕಟ್ಟಿ ನಿಂತ ದ್ರಾಕ್ಷಾಯಣವ್ವ. ಅವಳ ಕಣ್ಣಿಗೆ ಮಾಯೆಯ ಪೊರೆ ಬಂದಿತ್ತು. ಗಂಡ ಅವಳಿಗೆ ಗಂಡನಾಗಿ ಕಾಣಲಿಲ್ಲ, ಶತ್ರುವಾಗಿ ಕಂಡ. ಕುಂಬಳಕಾಯಿಗಳು ಗುಡುಗುಡು ಉರುಳಿದವು. ಅಡಿವೆಪ್ಪ ಸಾಲಿನ ಮೊದಲರ್ಧ ಕಲಿಯಲು ಒಂದು ಜೀವ ಕೊಟ್ಟ, ಉಳಿದರ್ಧ ಕಲಿಯಲು ಇನ್ನೊಂದು ಕೊಟ್ಟ. ಉಳಿದದ್ದು ಒಂದೇ ಜೀವ. ಆದರೆ ಸಾಲು ಬಾಯಿಪಾಠವಾಗಿತ್ತು: ಎರಡು ಎಡಕ್ಕೆ, ಒಂದು ಬಲಕ್ಕೆ, ಒಂದು ನೇರ, ಒಂದು ತಡವಾಗಿ. ಹಾರು, ಹಾರು, ನಿಲ್ಲು, ಹತ್ತು. ತುದಿ ಮುಟ್ಟಿದೊಡನೆ ಗೋಪುರ ಮತ್ತೆ ಬೆಳೆಯುತ್ತಿತ್ತು, ಹೊಸ ಸುತ್ತು ಶುರುವಾಗುತ್ತಿತ್ತು. ಅದೇ ಎರಡು ಎಡಕ್ಕೆ, ಒಂದು ಬಲಕ್ಕೆ, ಒಂದು ನೇರ, ಒಂದು ತಡವಾಗಿ.

ಹತ್ತು ಸುತ್ತಾಯಿತು. ನಲವತ್ತಾಯಿತು. ನೂರಾಯಿತು. ಬಿಸಿಲು ನೆತ್ತಿಗೆ ಬಂತು, ಇಳಿಯಿತು. ಹಗ್ಗ ಹೊಸೆದಂತೆ ಅವನು ಸುತ್ತು ಹೊಸೆಯುತ್ತ ಹೋದ. ಅವನ ಬೆನ್ನ ಹಿಂದೆ ಊರೆಲ್ಲ ಬಂದು ನಿಂತಿತ್ತು. ನಿಂತ ಮೇಲೆ ಬಾಯಿ ಸುಮ್ಮನಿರುತ್ತದೆಯೇ?

"ಎಡಕ್ಕ, ಎಡಕ್ಕ!"

"ಏ, ಬಲಕ್ಕ ಹೋಗೋ!"

"ಹೋತು, ಹೋತು, ಎಲ್ಲಾ ಹೋತು!"

ಅಡಿವೆಪ್ಪನ ಕಿವಿ ಬಿಸಿಯಾಯಿತು. ತಾನು ನಲವತ್ತು ವರ್ಷ ಊರಿಗೆ ಮಾಡಿದ್ದು ಏನೆಂದು ಅವನಿಗೆ ಅಂದು ತಿಳಿಯಿತು. ನಾಚಿಕೆಯಾಯಿತು, ಸಿಟ್ಟೂ ಬಂತು. ಗಾಜಿನಿಂದ ಕಣ್ಣು ತೆಗೆಯದೆ ಕೂಗಿದ: "ಕಾನೂನು ಐತೋ ಇಲ್ಲೋ? ಬಾಯಾಗ ಅಡಿಕಿ ಇಟ್ಕೋರೋ!"

ಎರಡು ನೂರು ಮಂದಿ ತಲೆ ತಗ್ಗಿಸಿ ಬಾಯಲ್ಲಿ ಅಡಿಕೆ ಇಟ್ಟುಕೊಂಡರು. ಚೌಕ ಸ್ತಬ್ಧವಾಯಿತು. ಒಂದು ಎಮ್ಮೆ ಮಾತ್ರ ಕೂಗಿತು, ಅದಕ್ಕೆ ಕಾನೂನು ಅನ್ವಯಿಸುತ್ತಿರಲಿಲ್ಲ.

ಇನ್ನೂರ ಐವತ್ತು ಸುತ್ತಾದವು. ಸೂರ್ಯ ಕೋಟೆಯ ಗೋಡೆಗೆ ತಾಗಿದ್ದ. ಆ ನಿಶ್ಶಬ್ದದಲ್ಲಿ ಅಡಿವೆಪ್ಪ ಒಂದು ತಪ್ಪು ಮಾಡಿದ. ದಿನವೆಲ್ಲ ತಡೆದಿದ್ದ ನಾಲಿಗೆ ಜಾರಿತು. ಮೇಲಿದ್ದ ಹೆಂಡತಿ ಕುಂಬಳಕಾಯಿ ಎತ್ತುವುದನ್ನು ಕಂಡು, ಹಳೆಯ ಚಟ ತಡೆಯದೆ, "ಆ ಕಾಯಿ ಬ್ಯಾಡ, ಈ ಕಾಯಿ ಒಗಿ" ಎಂದುಬಿಟ್ಟ!

ಮೇಲೆ ದ್ರಾಕ್ಷಾಯಣವ್ವನ ಕೈ ನಿಂತಿತು. ಕಣ್ಣಿನ ಪೊರೆ ಚಿಟ್ಟೆಂದು ಒಡೆಯಿತು. "ಯಾರದು? ನೀವಾ? ಇಲ್ಲಿಗೂ ಬಂದ್ರಾ ಹೇಳಿಕೊಡಾಕ!" ಎಂದವಳೇ ಸಿಟ್ಟಿನಲ್ಲಿ ಎರಡು ಕೈಯಿಂದಲೂ ಕುಂಬಳಕಾಯಿ ತೂರಿದಳು. ದಿನವಿಡೀ ಬಾಯಿಪಾಠ ಮಾಡಿದ್ದ ಸಾಲು ಚೆಲ್ಲಾಪಿಲ್ಲಿಯಾಯಿತು. ಅಡಿವೆಪ್ಪ ಏಣಿಗೆ ಜೋತುಬಿದ್ದು ಕೂದಲೆಳೆಯಲ್ಲಿ ಉಳಿದ.

"ದ್ರಾಕ್ಷಿ, ನಿಲ್ಲಸ! ನಿನ್ನ ಕರಕೊಂಡ ಹೋಗಾಕ ಬಂದೀನಿ! ಇನ್ನ ಐದ ಸುತ್ತು ಐತಿ!"

ಅವಳ ಸಿಟ್ಟು ಇಳಿಯಿತು, ಕಣ್ಣು ತುಂಬಿತು. "ಹೆಂಗ ನಿಲ್ಲಸ್ಲಿರೀ, ಕೈ ನನ್ನ ಮಾತ ಕೇಳವಲ್ದು! ಮಾಯಾದ್ದು, ತಾನ ಒಗಿತೈತಿ!" ಎಂದು ಅತ್ತಳು. ಅಳುತ್ತಲೇ ಇನ್ನೊಂದು ಒಗೆದಳು. ಆಮೇಲೆ ಮೂಗು ಒರೆಸಿಕೊಂಡು, ಊರಿನ ಚೌಕಾಬಾರವನ್ನೆಲ್ಲ ಗೆದ್ದ ದನಿಯಲ್ಲಿ ಹೇಳಿದಳು: "ಕೇಳ್ರಿ ಇಲ್ಲಿ. ಕೈ ಯಾವ ಕಡೆ ಜಗ್ಗತೈತಿ ಅಂತ ನನಗ ಮೊದಲ ಗೊತ್ತಾಗ್ತೈತಿ. ನಾ ಹೇಳ್ತೀನಿ, ನೀವು ಹಾರ್ರಿ. ಬಾಯಿ ಮುಚ್ಚಿಕೊಂಡ ಹಾರಬೇಕು!"

ಅಡಿವೆಪ್ಪ ಜೇಬಿನಿಂದ ತನ್ನ ಅಡಿಕೆ ತೆಗೆದು ಬಾಯಲ್ಲಿಟ್ಟುಕೊಂಡ. ಜೀವಮಾನದಲ್ಲಿ ಮೊದಲ ಸಲ ಇನ್ನೊಬ್ಬರು ಹೇಳಿದಂತೆ ಆಡಿದ.

"ಎಡಕ್ಕ! ನಿಲ್ರಿ. ಈಗ ಹತ್ರಿ. ಬಗ್ರಿ! ಹಾಂ, ಹಂಗ!"

ಇನ್ನೂರ ಐವತ್ತೊಂದು. ಐವತ್ತೆರಡು. ಐವತ್ತಮೂರು. ಝಗಮಗನಾಥನಿಗೆ ಆಗ ಏನೋ ಹೊಳೆಯಿತು. ಅವನ ಹಸಿರು ಗಡ್ಡ ಬಿಳಿಚಿಕೊಂಡಿತು. ಓಡಿ ಬಂದು ಅಡಿವೆಪ್ಪನ ಕೈ ಹಿಡಿಯಲು ಹೋದ, ಅವನದೇ ಮಂತ್ರ ಅವನನ್ನು ಎತ್ತಿ ದೂರ ಎಸೆಯಿತು. ಐವತ್ತನಾಲ್ಕು. ಐವತ್ತೈದು. ಪೆಟ್ಟಿಗೆಯೊಳಗೆ ಭೂತದ ಎಂಟು ಬೆರಳುಗಳೂ ನೆಟ್ಟಗೆ ನಿಂತವು. ಅಡಿವೆಪ್ಪ ಕೊನೆಯ ಏಣಿ ಹತ್ತಿ ತುದಿ ಮುಟ್ಟಿದ.

ಭೂತ ಇನ್ನೊಂದು ಬೆರಳಿಗಾಗಿ ಹುಡುಕಿತು. ಎಡಗೈ ನೋಡಿತು, ಬಲಗೈ ನೋಡಿತು, ಕಾಲು ನೋಡಿಕೊಂಡಿತು. ಆಮೇಲೆ ನಿಟ್ಟುಸಿರು ಬಿಟ್ಟು ಎಂಟು ಬೆರಳನ್ನೂ ಒಟ್ಟಿಗೆ ಮಡಚಿತು.

"ಸೊನ್ನೆ" ಎಂದಿತು. "ಒಂದು ಸುತ್ತೂ ಆಗಿಲ್ಲ. ಯಾರೂ ಆಡಿಲ್ಲ. ಯಾರೂ ಗೆದ್ದಿಲ್ಲ. ಯಾರೂ ಒಳಗಿಲ್ಲ."

ಮೂರು ಗಾಜುಗಳೂ ಕಲಸಿಹೋದವು. ಬಲಗಡೆ ಅರ್ಧ ಗೋಪುರ, ಎಡಗಡೆ ಅರ್ಧ ಓಣಿ, ನಡುವೆ ರಾಜನ ಮೀಸೆಯ ಮೇಲೆ ಕುಂಬಳಕಾಯಿ, ಜೋಯಿಸನ ತಲೆಗೆ ಮುದಿಮಲ್ಲಯ್ಯನ ಹೊಟ್ಟೆ. ಹಣೆಯ ಮೇಲಿನ ಹೆಸರುಗಳೆಲ್ಲ ಅಳಿಸಿದವು. ಒಳಗೆ ಯಾರೂ ಇಲ್ಲವೆಂದು ಎಣಿಕೆ ಹೇಳಿದ ಮೇಲೆ ಇರುವವರು ಇರುವುದು ಹೇಗೆ? ಡಬ್, ಡಬ್, ಡಬ್ ಎಂದು ಒಬ್ಬೊಬ್ಬರೇ ಚೌಕದಲ್ಲಿ ಬಿದ್ದರು. ರಾಜ ಬಿದ್ದ, ಕೊತ್ವಾಲ ಬಿದ್ದ, ದಂಡಿಗೆ ದಂಡೇ ಬಿತ್ತು. ಅವರೆಲ್ಲರ ಹಿಂದೆ, ಹಲಗೆಯ ತೂತಿನಿಂದ, ಆ ಪುಟ್ಟ ಭೂತವೂ ಹೊರಗೆ ಬಂದು ಮೊದಲ ಸಲ ಸೂರ್ಯನನ್ನು ನೋಡಿ ಸೀನಿತು.

ಆದರೆ ಆ ಪೆಟ್ಟಿಗೆಗಳೊಳಗೆ ಎತ್ತಿ ಇಡುವವರು ಒಬ್ಬರು ಬೇಕೇ ಬೇಕು, ಅವು ಖಾಲಿ ಇರಲಾರವು. ಭೂತ ಹೊರಗೆ ಬಂದೊಡನೆ ಪೆಟ್ಟಿಗೆ ಸುರ್ರೆಂದು ಝಗಮಗನಾಥನನ್ನೇ ಎಳೆದುಕೊಂಡಿತು! ಅವನು ಹಿಂದಿನ ತೂತಿನಿಂದ ಮೂತಿ ಹೊರಗೆ ಹಾಕಿ ಬಿಡುಗಡೆಯ ಮಂತ್ರ ಹೇಳಲು "ಓಂ" ಎಂದು ಬಾಯಿ ತೆರೆದ. ಹಿಂದೆ ಯಾರು ನಿಂತಿದ್ದರು ಹೇಳಿ! ಅಡಿವೆಪ್ಪ ತನ್ನ ಬಾಯಿಂದ ಅಡಿಕೆ ತೆಗೆದು ಆ ಬಾಯಿಗೆ ಹಾಕಿದ. ಕವಡೆಪುರದಲ್ಲಿ ಬಾಯಲ್ಲಿ ಅಡಿಕೆ ಇದ್ದವರು ಮಾತಾಡುವಂತಿಲ್ಲ, ಕಡಿಯುವಂತಿಲ್ಲ, ನುಂಗುವಂತಿಲ್ಲ, ಉಗುಳುವಂತಿಲ್ಲ. ರಾಜ ಎದ್ದು ನಿಂತು ಮೀಸೆಯಿಂದ ಕುಂಬಳಕಾಯಿ ಒರೆಸಿಕೊಳ್ಳುತ್ತ, "ಕಾನೂನು ಕಾನೂನ!" ಎಂದು ಗರ್ಜಿಸಿದ. ಆದರೆ ನಾಲ್ಕು ಮಾರು ದೂರದಿಂದ.

ದ್ರಾಕ್ಷಾಯಣವ್ವ ಬರಿಗಾಲಲ್ಲಿ ನಿಂತು ಪೆಟ್ಟಿಗೆಯ ಖಾಲಿ ಹಣೆಯನ್ನು ನೋಡಿದಳು. "ನನ್ನ ಹೆಸರ ಅಳಿಸಿಬಿಟ್ರಿ" ಎಂದಳು. ಅಡಿವೆಪ್ಪ ಮನೆಯಿಂದ ತಂದಿದ್ದ ಅವಳ ಚಪ್ಪಲಿಗಳನ್ನು ಕಾಲ ಹತ್ತಿರ ಇಟ್ಟ. ಅವಳು ಅವನ ತೋಳು ಹಿಡಿದುಕೊಂಡು ಅವನ್ನು ಮೆಟ್ಟಿದಳು, ಮನೆಯವರೆಗೂ ತೋಳು ಬಿಡಲಿಲ್ಲ.

ಮಂತ್ರ ಹೇಳುವ ಬಾಯಿಗೆ ಅಡಿಕೆ ಬಿದ್ದದ್ದರಿಂದ ಪೆಟ್ಟಿಗೆಗಳು ಈಗ ಯಾರನ್ನೂ ನುಂಗುವುದಿಲ್ಲ. ಅವು ಇಂದಿಗೂ ಕವಡೆಪುರದ ಚೌಕದಲ್ಲಿವೆ. ಒಳಗೆ ಝಗಮಗನಾಥ ಮರದ ಗೊಂಬೆಗಳನ್ನು ಎತ್ತಿ ಎತ್ತಿ ಇಡುತ್ತಾನೆ, ಮೂಗಿನಿಂದಲೇ ಕುಯ್ ಕುಯ್, ಟುಣ್ ಟುಣ್ ಎನ್ನುತ್ತಾನೆ. ಜನ ಹಬ್ಬಹುಣ್ಣಿಮೆಗೆ ಹೋಗಿ ಆಡುತ್ತಾರೆ, ಸೋಲುತ್ತಾರೆ, "ಇನ್ನೊಂದ ಸಲ" ಎನ್ನುತ್ತಾರೆ. ಆಟದ ರುಚಿ ಹೋಗುವಂಥದ್ದಲ್ಲ. ಎಂಟು ಬೆರಳಿನ ಭೂತ ಅಡಿವೆಪ್ಪನ ಮನೆಯಲ್ಲಿ ಎಂಟು ಎಳೆಯ ಹಗ್ಗ ಹೊಸೆಯುತ್ತದೆ, ಮೂರು ಹೊತ್ತೂ ಉಣ್ಣುತ್ತದೆ.

ಮರುದಿನ ದ್ರಾಕ್ಷಾಯಣವ್ವ ಜಗಲಿಯ ಮೇಲೆ ಚೌಕಾಬಾರದ ಬಟ್ಟೆ ಹಾಸಿದಳು. ಎದುರಿಗೆ ಸ್ವತಃ ತೊಂಡರಾಯ. ಅಡಿವೆಪ್ಪ ಹೊಸ ಅಡಿಕೆಯೊಂದನ್ನು ಕೆನ್ನೆಗೆ ಹಾಕಿಕೊಂಡು ಬೇರೆ ಜಗಲಿಗೆ ಹೊರಟ.

"ಎಲ್ಲಿಗೆ?" ಎಂದಳು ಅವಳು. "ಇಲ್ಲೇ ನಿಲ್ರಿ."

ಅವನು ಅವಳ ಬೆನ್ನ ಹಿಂದೆ ನಿಂತ. ಆಟ ಬಿಗಿಯಾಯಿತು. ಒಂದು ಕಾಯಿ ಸತ್ತರೆ ರಾಜ ಗೆಲ್ಲುತ್ತಾನೆ. ದ್ರಾಕ್ಷಾಯಣವ್ವ ಕವಡೆ ಹಿಡಿದು ಬಹಳ ಹೊತ್ತು ಯೋಚಿಸಿದಳು. ಆಮೇಲೆ ತಿರುಗಿ ನೋಡದೆ, ಎಡಗೈಯನ್ನು ಹಿಂದಕ್ಕೆ ಚಾಚಿ ಅಂಗೈ ತೆರೆದಳು. ಅಡಿವೆಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದೊಡನೆ ಬಾಯಿಂದ ಅಡಿಕೆ ತೆಗೆದು, ಅಂಗಿಗೆ ಒರೆಸಿ, ಆ ಅಂಗೈಯಲ್ಲಿಟ್ಟ.

"ಹೇಳ್ರಿ" ಎಂದಳು ಅವಳು. "ಯಾವ ಕಾಯಿ ನಡಸ್ಲಿ?"

ಅಡಿವೆಪ್ಪ ಬಟ್ಟೆಯನ್ನು ನೋಡಿದ, ಕಾಯಿಗಳನ್ನು ನೋಡಿದ, ಹೆಂಡತಿಯ ನೆತ್ತಿಯನ್ನು ನೋಡಿದ.

"ನಿನಗ ತಿಳದಂಗ ಆಡು, ದ್ರಾಕ್ಷಿ" ಎಂದ. "ನಾ ನೋಡ್ಕೋಂತ ನಿಂತಿರ್ತೀನಿ."

ಅವಳು ಆಡಿದಳು, ಗೆದ್ದಳು. ರಾಜ ಎರಡು ದಿನ ಊಟ ಬಿಟ್ಟ. ಉಳಿದವರೆಲ್ಲ ಹೊಟ್ಟೆ ತುಂಬ ಉಂಡು ಸುಖವಾಗಿದ್ದರು.